ಪೆನ್ಸಿಲ್ಲಿಗೆ ಸಿಕ್ಕ ಮುಖ

ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಚೌಡಾಪುರ, ದತ್ತಾತ್ರೇಯನ ಭಕ್ತರಿಗೆ ಚಿರಪರಿಚಿತವಾದ ಊರು. ದೇವಲ ಗಾಣಗಾಪುರಕ್ಕೆ ಹೋಗುವವರು ದಾರಿ ಬದಲಿಸುವುದು ಇಲ್ಲಿಯೇ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಆ ಕ್ಷೇತ್ರದಿಂದ ಮರಳುವ ಯಾತ್ರಿಕರ ಚೀಲದಲ್ಲಿ ಪ್ರಸಾದದ ಜೊತೆಗೆ ದತ್ತಾತ್ರೇಯನ ಒಂದು ಪಟವೂ ಇರುವುದು ವಾಡಿಕೆ. ಮೂರು ತಲೆ, ಆರು ಕೈ, ಹಿಂದೆ ಆಕಳು, ಮುಂದೆ ನಾಲ್ಕು ನಾಯಿ. ಅಕ್ಷರ ಬಾರದವರೂ ಇದು ಯಾರ ಚಿತ್ರವೆಂದು ಕೇಳುವುದಿಲ್ಲ. ಚಿತ್ರಕಾರ ಮೂಗನ್ನು ತುಸು ಉದ್ದ ಬರೆದರೂ, ಕಣ್ಣನ್ನು ತುಸು ಸಣ್ಣದು ಮಾಡಿದರೂ ದೇವರು ಬದಲಾಗುವುದಿಲ್ಲ. ದೇವರನ್ನು ಗುರುತಿಸುವುದು ಲಾಂಛನಗಳಿಂದಲೇ ಹೊರತು ಮುಖದಿಂದಲ್ಲ.

ಆದರೆ ಅದೇ ಮನೆಯ ಪಡಸಾಲೆಯ ಗೋಡೆಯ ಮೇಲೆ ಇನ್ನೊಂದು ಚಿತ್ರ ಇರುತ್ತದೆ. ರುಮಾಲು ಸುತ್ತಿದ ಅಜ್ಜನದೋ, ಹಣೆತುಂಬ ಕುಂಕುಮ ಇಟ್ಟ ಅಜ್ಜಿಯದೋ ಪೆನ್ಸಿಲ್ ಚಿತ್ರ. ಇಲ್ಲಿ ಆಕಳಿಲ್ಲ, ತ್ರಿಶೂಲವಿಲ್ಲ. ರುಮಾಲು ಊರಿನ ಎಲ್ಲ ಅಜ್ಜಂದಿರಿಗೂ ಒಂದೇ. ಆದರೂ ಬಂದ ನೆಂಟರು ಹೊಸ್ತಿಲಲ್ಲೇ ನಿಂತು 'ಖರೇನ ಅಜ್ಜ ಕುಂತಾಂಗ ಅದ ನೋಡ್ರಿ' ಎನ್ನುತ್ತಾರೆ. ಇಲ್ಲವೇ 'ಎಲ್ಲಾ ಸರಿ ಅದ, ಖರೆ ಅಜ್ಜ ಅನಸವಲ್ದು' ಎಂದು ಬಿಡುತ್ತಾರೆ. ಎರಡನೆಯ ಮಾತು ಕೇಳಿದ ಚಿತ್ರಕಾರನಿಗೆ ಎದೆ ಕುಸಿಯುತ್ತದೆ. ಏಕೆಂದರೆ ಕಣ್ಣು, ಮೂಗು, ಬಾಯಿ ಎಲ್ಲವೂ ಸರಿಯಾಗಿಯೇ ಇರುತ್ತವೆ. ಸಿಕ್ಕದೆ ಹೋದದ್ದು ಹೋಲಿಕೆ.

ಈ ಹೋಲಿಕೆ ಎಂಬುದು ಎಲ್ಲಿರುತ್ತದೆ? ಅದನ್ನು ಹಿಡಿಯುವ ಆಸೆ ಮನುಷ್ಯನಿಗೆ ಯಾವಾಗ ಹುಟ್ಟಿತು? ಯಾರ ಯಾರ ಮುಖಗಳು ಹೀಗೆ ಉಳಿದವು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. ಭೀಮಾ ತೀರದ ಈ ಸೀಮೆಯಲ್ಲೇ ಅದರ ಎರಡು ಸಾವಿರ ವರ್ಷಗಳ ಕಥೆ ಇದೆ.

ಹೆಸರೇ ಮುಖವಾಗಿದ್ದ ಕಾಲ

ಗಾಣಗಾಪುರವನ್ನು ದಾಟಿದ ಭೀಮೆ ಜೇವರ್ಗಿ ಸೀಮೆಯನ್ನು ಹಾಯ್ದು ಮುಂದೆ ಸನ್ನತಿಗೆ ಬರುತ್ತಾಳೆ. ಚಂದ್ರಲಾಂಬಾ ದೇವಿಯ ನೆಲೆಯಾದ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿತು. ಮಣ್ಣಿನಡಿಯಿಂದ ಒಂದು ಬೃಹತ್ ಬೌದ್ಧ ಸ್ತೂಪದ ಅವಶೇಷಗಳು ಹೊರಬಂದವು. ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಬುದ್ಧನ ಕಥೆಗಳು, ಅರಸರು, ಪರಿವಾರದವರು. ಅವುಗಳಲ್ಲಿ ಒಂದು ಚಪ್ಪಡಿ ದೇಶದ ಇತಿಹಾಸಕಾರರೆಲ್ಲ ತಿರುಗಿ ನೋಡುವಂತೆ ಮಾಡಿತು. ರಾಜನೊಬ್ಬ ರಾಣಿಯೊಂದಿಗೆ ನಿಂತಿದ್ದಾನೆ. ಸುತ್ತ ಛತ್ರ ಚಾಮರ ಹಿಡಿದ ಸ್ತ್ರೀಯರು. ಮೇಲ್ಗಡೆ ಬ್ರಾಹ್ಮೀ ಲಿಪಿಯಲ್ಲಿ ಎರಡೇ ಶಬ್ದ: ರಾಯೊ ಅಶೋಕೊ.

ಚಕ್ರವರ್ತಿ ಅಶೋಕನ ಹೆಸರನ್ನೇ ಕೆತ್ತಿದ ಆತನ ಶಿಲ್ಪ ಹೀಗೆ ಕನ್ನಡ ನೆಲದಲ್ಲಿ ದೊರಕಿತು. ಅದು ಅವನ ಭಾವಚಿತ್ರವೇ? ಅಶೋಕ ಕ್ರಿಸ್ತಪೂರ್ವ ಮೂರನೆಯ ಶತಮಾನದವನು. ಈ ಶಿಲ್ಪವನ್ನು ಕೆತ್ತುವ ಹೊತ್ತಿಗೆ ಅವನು ಕಾಲವಾಗಿ ಸುಮಾರು ಎರಡು ಶತಮಾನಗಳೇ ಕಳೆದಿದ್ದವು. ಶಿಲ್ಪಿ ಅವನನ್ನು ಕಂಡಿರಲಿಲ್ಲ, ಶಿಲ್ಪಿಯ ಅಜ್ಜನೂ ಕಂಡಿರಲಿಲ್ಲ. ಅದೇ ಸ್ತೂಪದಲ್ಲಿ ಶಾತವಾಹನ ಅರಸರ ಶಿಲ್ಪಗಳೂ ಇವೆ, ಅವುಗಳ ಮೇಲೂ ಹೆಸರುಗಳಿವೆ. ಮುಖ ನೋಡಿ ಇವನು ಇಂಥವನೆಂದು ಹೇಳುವ ಅಗತ್ಯ ಆ ಶಿಲ್ಪಿಗೆ ಬಂದಿರಲೇ ಇಲ್ಲ. ಠೀವಿಯಿಂದ ನಿಂತ ಅರಸನೊಬ್ಬನನ್ನು ಕಡೆದು ಹೆಸರು ಬರೆದರೆ ಅದು ಅಶೋಕನಾಗುತ್ತಿತ್ತು.

ಈ ಪದ್ಧತಿ ನಮ್ಮಲ್ಲಿ ಬಹು ಕಾಲ ನಡೆಯಿತು. ಊರೂರಿನ ವೀರಗಲ್ಲುಗಳನ್ನೇ ನೋಡಬಹುದು. ತುರುಗಳನ್ನು ಬಿಡಿಸಲು ಹೋಗಿ ಸತ್ತವನು ಕೆಳಗಿನ ಹಂತದಲ್ಲಿ ಹೋರಾಡುತ್ತಾನೆ, ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲಿನ ಹಂತದಲ್ಲಿ ಅವನು ಶಿವನ ಸನ್ನಿಧಿಯಲ್ಲಿರುತ್ತಾನೆ. ಒಂದು ಕಲ್ಲಿನ ವೀರನಿಗೂ ಮತ್ತೊಂದು ಕಲ್ಲಿನ ವೀರನಿಗೂ ಮುಖದಲ್ಲಿ ವ್ಯತ್ಯಾಸ ಕಡಿಮೆ. ಯಾರು, ಯಾವಾಗ, ಯಾವ ಕಾಳಗದಲ್ಲಿ ಎಂಬುದನ್ನು ಹೇಳುವುದು ಶಾಸನದ ಸಾಲು. ಮಾಸ್ತಿಗಲ್ಲಿನಲ್ಲಂತೂ ಅನೇಕ ಕಡೆ ಬಳೆ ತೊಟ್ಟು ಮೇಲಕ್ಕೆತ್ತಿದ ಒಂದು ತೋಳು ಮಾತ್ರ ಇರುತ್ತದೆ. ಸತಿಯಾದ ಆ ಹೆಣ್ಣುಮಗಳಿಗೆ ಮುಖವೇ ಇಲ್ಲ. ತಿರುಮಲೆಯ ದೇವಾಲಯದಲ್ಲಿ ಕೈಮುಗಿದು ನಿಂತಿರುವ ಕೃಷ್ಣದೇವರಾಯ ಮತ್ತು ಇಬ್ಬರು ರಾಣಿಯರ ಲೋಹದ ಪ್ರತಿಮೆಗಳ ಮೇಲೂ ಹೆಸರುಗಳನ್ನು ಕೊರೆಯಲಾಗಿದೆ. ಹದಿನಾರನೆಯ ಶತಮಾನದಲ್ಲಿಯೂ ಮುಖದ ಪಕ್ಕದಲ್ಲಿ ಹೆಸರು ಬೇಕಾಗಿತ್ತು.

ಗಾಣಗಾಪುರದ್ದು ಇದಕ್ಕೂ ಬೇರೆಯಾದ ಮಾದರಿ. ಸಂಪ್ರದಾಯದ ಪ್ರಕಾರ ನರಸಿಂಹ ಸರಸ್ವತಿ ಯತಿಗಳು ಅಲ್ಲಿಂದ ಹೊರಡುವಾಗ ಭಕ್ತರಿಗೆ ಬಿಟ್ಟುಹೋದದ್ದು ತಮ್ಮ ರೂಪವನ್ನಲ್ಲ, ನಿರ್ಗುಣ ಪಾದುಕೆಗಳನ್ನು. ಇಂದಿಗೂ ಭಕ್ತರು ಸಣ್ಣ ಕಿಂಡಿಯಲ್ಲಿ ದರ್ಶನ ಪಡೆದು ನಮಿಸುವುದು ಆ ಪಾದುಕೆಗಳಿಗೇ. ಒಬ್ಬ ವ್ಯಕ್ತಿಯ ನೆನಪು ಉಳಿಯಲು ಮುಖ ಇರಲೇಬೇಕೆಂದಿಲ್ಲ ಎಂಬ ನಂಬಿಕೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕಲ್ಯಾಣದ ಕನ್ನಡಿ

ಹಾಗಾದರೆ ಇದ್ದವರನ್ನು ಇದ್ದಂತೆ ಬರೆಯುವ ವಿಚಾರ ನಮ್ಮವರಿಗೆ ಹೊಳೆದಿರಲಿಲ್ಲವೇ? ಖಂಡಿತ ಹೊಳೆದಿತ್ತು. ಅದನ್ನು ಶಾಸ್ತ್ರವಾಗಿ ಬರೆದಿಟ್ಟವನು ಆಳಂದದ ಈಶಾನ್ಯಕ್ಕಿರುವ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆಳಿದ ಅರಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಸಂಸ್ಕೃತ ಗ್ರಂಥ ಒಂದು ವಿಶ್ವಕೋಶವೇ ಸರಿ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯ. ರಾಜ್ಯಾಡಳಿತದಿಂದ ಹಿಡಿದು ಅಡುಗೆ, ಆನೆ, ಸಂಗೀತ, ಆಟೋಟಗಳವರೆಗೆ ಅರಸನ ಗಮನಕ್ಕೆ ಬಾರದ ವಿಷಯವಿಲ್ಲ. ಅದರಲ್ಲಿ ಚಿತ್ರಕಲೆಗೂ ವಿಸ್ತಾರವಾದ ಸ್ಥಾನವಿದೆ.

ಸೋಮೇಶ್ವರ ಚಿತ್ರಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತಾನೆ. ಅವುಗಳಲ್ಲಿ ಒಂದರ ಹೆಸರು ವಿದ್ಧಚಿತ್ರ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆ ವಸ್ತುವಿಗೆ ಹೋಲುವ ಚಿತ್ರ ಎಂದು ಅದರ ಲಕ್ಷಣ. ಹೋಲಿಕೆಯನ್ನು ಗುರಿಯಾಗಿ ಇಟ್ಟುಕೊಳ್ಳದೆ ಬರೆದದ್ದು ಅವಿದ್ಧಚಿತ್ರ. ಶೃಂಗಾರಾದಿ ರಸಗಳನ್ನು ಹೊಮ್ಮಿಸುವುದು ಭಾವಚಿತ್ರ. ಪುಡಿ ಬಣ್ಣಗಳಿಂದ ನೆಲದ ಮೇಲೆ ಬರೆಯುವುದು ಧೂಳಿಚಿತ್ರ. ನಮ್ಮ ಅಂಗಳದ ರಂಗೋಲಿ ಈ ಕೊನೆಯ ಜಾತಿಗೆ ಸೇರುತ್ತದೆ. ಪಡಸಾಲೆಯ ಅಜ್ಜನ ಚಿತ್ರ ಸೇರುವುದು ಮೊದಲನೆಯದಕ್ಕೆ.

ಇನ್ನೂ ಕುತೂಹಲದ ಸಂಗತಿ ಎಂದರೆ ಆತ ಹೇಳುವ ವಿಧಾನ. ನೆತ್ತಿಯಿಂದ ಹುಬ್ಬುಗಳ ನಡುವೆ ಇಳಿದು, ಮೂಗಿನ ತುದಿ, ಗದ್ದ, ಎದೆ, ಹೊಕ್ಕುಳುಗಳನ್ನು ಹಾಯ್ದು ಪಾದಗಳ ನಡುವಿನವರೆಗೆ ಬರುವ ಒಂದು ಲಂಬರೇಖೆ. ಅದಕ್ಕೆ ಬ್ರಹ್ಮಸೂತ್ರ ಎಂದು ಹೆಸರು. ಅದರ ಎರಡೂ ಪಕ್ಕಗಳಲ್ಲಿ ಒಂದೊಂದು ಪಕ್ಷಸೂತ್ರ. ವ್ಯಕ್ತಿ ನೇರವಾಗಿ ಎದುರಿಗೆ ನಿಂತಿದ್ದರೆ ಎರಡೂ ಬದಿಯ ಅಂತರ ಸಮ. ಮುಖ ತುಸು ಹೊರಳಿದರೆ ಒಂದು ಬದಿ ಕಿರಿದಾಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಹೀಗೆ ಹೊರಳುತ್ತ ಹೋದಂತೆ ಋಜು, ಅರ್ಧಋಜು, ಸಾಚಿ ಮುಂತಾದ ನಿಲುವುಗಳು, ಕೊನೆಗೆ ಪೂರ್ತಿ ಪಕ್ಕದ ನೋಟ. ಇಂದು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಡ್ರಾಯಿಂಗ್ ಮಾಸ್ತರರು ಮೊದಲು ನಡುಗೆರೆ ಎಳೆಯಲು ಹೇಳುವುದು ಸುಮ್ಮನೆ ಅಲ್ಲ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಅಕ್ಷರಕ್ಕಿಳಿದ ಪಾಠವೂ ಅದೇ.

ಕರಡು ಬರೆಯುವ ಕಡ್ಡಿಯನ್ನೂ ಸೋಮೇಶ್ವರ ಮರೆತಿಲ್ಲ. ಕಾಡಿಗೆಯನ್ನು ಬೇಯಿಸಿದ ಅನ್ನದೊಂದಿಗೆ ಅರೆದು, ಬತ್ತಿಯಂತೆ ಹೊಸೆದು ಒಣಗಿಸಿದ ಸಾಧನ. ಅದರ ಹೆಸರು ವರ್ತಿಕೆ. ಪೆನ್ಸಿಲ್ ಹುಟ್ಟುವ ಮೊದಲೇ ಪೆನ್ಸಿಲ್ಲಿನ ಕೆಲಸ ಮಾಡಿದ ಕಡ್ಡಿ ಅದು.

ಆದರೆ ಒಂದು ಮಾತನ್ನು ಇಲ್ಲಿ ನೆನಪಿಡಬೇಕು. ಶಾಸ್ತ್ರ ಇತ್ತು, ಸಾಧನ ಇತ್ತು. ಈ ಕಲೆ ಯಾರ ಮುಖವನ್ನು ಉಳಿಸಲು ಬಳಕೆಯಾಯಿತು? ಅರಮನೆಯ ಗೋಡೆಯ ಮೇಲೆ ಹೊಲ ಉಳುವವನ ಭಾವಚಿತ್ರ ಬರೆಸುವ ಕಾರಣ ಯಾರಿಗೂ ಇರಲಿಲ್ಲ.

ವಿಜಯಪುರದ ಸುಲ್ತಾನ

ಅಫಜಲಪುರದ ಸೀಮೆಯೂ ಒಳಗೊಂಡಿದ್ದ ಆದಿಲಶಾಹಿ ರಾಜ್ಯದಲ್ಲಿ ಮುಖದ ಹೋಲಿಕೆ ಒಂದು ಎತ್ತರವನ್ನು ಮುಟ್ಟಿತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನ ಚಿತ್ರಗಳು ಇಂದು ದೇಶವಿದೇಶಗಳ ಸಂಗ್ರಹಾಲಯಗಳಲ್ಲಿವೆ. ಸಂಗೀತಪ್ರಿಯನಾದ, ಕೆಲವು ಚಿತ್ರಗಳಲ್ಲಿ ರುದ್ರಾಕ್ಷಿಮಾಲೆಯನ್ನೂ ಧರಿಸಿ ಕಾಣಿಸಿಕೊಳ್ಳುವ ಆ ಸುಲ್ತಾನನನ್ನು ಒಂದು ಚಿತ್ರದಲ್ಲಿ ನೋಡಿದವರು ಇನ್ನೊಂದರಲ್ಲಿ ಹೆಸರಿಲ್ಲದೆಯೇ ಗುರುತಿಸಬಲ್ಲರು. ಹೆಸರಿನ ಹಂಗಿಲ್ಲದೆ ಮುಖ ತಾನಾಗಿಯೇ ಮಾತಾಡತೊಡಗಿತ್ತು.

ಆ ಕಾಲದ ಚಿತ್ರಶಾಲೆಗಳಲ್ಲಿ ಒಮ್ಮೆ ಸಿಕ್ಕ ಹೋಲಿಕೆಯನ್ನು ಜೋಪಾನ ಮಾಡುವ ಉಪಾಯವೂ ಇತ್ತು. ಜಿಂಕೆಯ ತೆಳ್ಳನೆಯ, ಆಚೆ ಕಾಣುವಂಥ ಚರ್ಮವನ್ನು ಮೂಲಚಿತ್ರದ ಮೇಲಿಟ್ಟು ರೇಖೆಗಳನ್ನು ಎತ್ತಿಕೊಳ್ಳುತ್ತಿದ್ದರು. ರೇಖೆಯ ಗುಂಟ ಸೂಜಿಯಿಂದ ಚುಚ್ಚಿ, ಮೇಲೆ ಇದ್ದಿಲಿನ ಪುಡಿ ಹಾಯಿಸಿದರೆ ಕೆಳಗಿನ ಕಾಗದದ ಮೇಲೆ ಚುಕ್ಕೆಗಳಲ್ಲಿ ಮುಖ ಮೂಡುತ್ತಿತ್ತು. ಅರಸನನ್ನು ಎಂದೂ ಕಾಣದ ಚಿತ್ರಕಾರನೂ ಹೀಗೆ ಅರಸನನ್ನು ಬರೆಯಬಹುದಾಗಿತ್ತು. ಆದರೆ ಇಲ್ಲಿಯೂ ಮುಖ ಉಳಿದದ್ದು ಅರಸನದು, ಸರದಾರನದು, ಸಂತನದು.

ಸೀಸವಲ್ಲದ ಸೀಸ

ಈ ಏಕಸ್ವಾಮ್ಯವನ್ನು ಮುರಿದ ವಸ್ತುಗಳಲ್ಲಿ ಒಂದು, ಇಂದು ಐದು ಹತ್ತು ರೂಪಾಯಿಗೆ ಸಿಗುವ ಪೆನ್ಸಿಲ್. ಹದಿನಾರನೆಯ ಶತಮಾನದ ನಡುವೆ ಇಂಗ್ಲೆಂಡಿನ ಬಾರೊಡೇಲ್ ಎಂಬಲ್ಲಿ ಶುದ್ಧವಾದ ಕಪ್ಪು ಖನಿಜದ ಗಣಿ ಸಿಕ್ಕಿತು. ಕುರಿಗಳಿಗೆ ಗುರುತು ಹಾಕಲು ಕುರುಬರು ಅದನ್ನು ಬಳಸಿದರೆಂದು ಹೇಳುತ್ತಾರೆ. ನೋಡಲು ಸೀಸದಂತೆ ಕಂಡದ್ದರಿಂದ ಸೀಸವೆಂದೇ ಕರೆದರು. ಕನ್ನಡದಲ್ಲಿಯೂ ಪೆನ್ಸಿಲ್ಲಿಗೆ 'ಸೀಸದ ಕಡ್ಡಿ' ಎಂಬ ಹೆಸರು ಬಂದದ್ದು ಈ ತಪ್ಪಿನಿಂದಲೇ. ಅದು ಸೀಸವಲ್ಲ, ಇಂಗಾಲದ ಒಂದು ರೂಪ ಎಂದು ಸ್ವೀಡನ್ನಿನ ವಿಜ್ಞಾನಿ ಷೀಲೆ 1779ರಲ್ಲಿ ತೋರಿಸಿದ. ಹತ್ತು ವರ್ಷಗಳ ನಂತರ ಜರ್ಮನಿಯ ವೆರ್ನರ್ ಅದಕ್ಕೆ ಗ್ರಾಫೈಟ್ ಎಂದು ಹೆಸರಿಟ್ಟ. ಸೋಮೇಶ್ವರನ ಕಾಡಿಗೆಯೂ ಇಂಗಾಲ, ಇಂದಿನ ಪೆನ್ಸಿಲ್ಲಿನ ಒಡಲೂ ಇಂಗಾಲ.

ಇಂಗ್ಲೆಂಡಿನೊಡನೆ ಯುದ್ಧದಲ್ಲಿದ್ದ ಫ್ರಾನ್ಸಿಗೆ ಗ್ರಾಫೈಟ್ ಸಿಗದಾದಾಗ ನಿಕೊಲಾ ಜಾಕ್ ಕಾಂಟೆ ಎಂಬಾತ 1795ರಲ್ಲಿ ಹೊಸ ದಾರಿ ಕಂಡುಹಿಡಿದ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ, ಕಡ್ಡಿ ಮಾಡಿ, ಆವಿಗೆಯಲ್ಲಿ ಸುಟ್ಟ. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತೆಳು ಬೂದು. ಮಣ್ಣು ಕಡಿಮೆಯಾದರೆ ಕಡ್ಡಿ ಮೆದು, ಗೆರೆ ಗಾಢ ಕಪ್ಪು. ಇಂದು ಪೆನ್ಸಿಲ್ಲಿನ ತುದಿಯಲ್ಲಿ ಕಾಣುವ ಎಚ್, ಎಚ್‌ಬಿ, 2ಬಿ, 6ಬಿ ಎಂಬ ಗುರುತುಗಳೆಲ್ಲ ಈ ಬೆರಕೆಯ ಲೆಕ್ಕ. ಭಾವಚಿತ್ರ ಬರೆಯುವವನು ಎಚ್‌ಬಿಯಲ್ಲಿ ಹಗುರವಾಗಿ ಅಳತೆ ಹಾಕಿಕೊಂಡು, 2ಬಿಯಲ್ಲಿ ನೆರಳು ತುಂಬಿ, ಕಣ್ಣಿನ ಪಾಪೆ ಮತ್ತು ಕೂದಲಿನ ಕತ್ತಲೆಗೆ 6ಬಿ ಹಿಡಿಯುತ್ತಾನೆ.

ಪೆನ್ಸಿಲ್ ತಂದ ಮುಖ್ಯ ಬದಲಾವಣೆ ಅಗ್ಗದ ಬೆಲೆಯಷ್ಟೇ ಅಲ್ಲ. ಅದನ್ನು ಅಳಿಸಬಹುದು. ಮಸಿಯ ಗೆರೆ ತಪ್ಪಿದರೆ ತಪ್ಪಿದ್ದೇ. ಪೆನ್ಸಿಲ್ಲಿನ ಗೆರೆಯನ್ನು ರಬ್ಬರಿನಿಂದ ಒರೆಸಿ, ಮತ್ತೆ ಎದುರಿನ ಮುಖವನ್ನು ನೋಡಿ, ಕೂದಲೆಳೆಯಷ್ಟು ಸರಿಸಿ ಎಳೆಯಬಹುದು. ಹೋಲಿಕೆ ಸಿಗುವುದು ಬಹುತೇಕ ಈ ತಿದ್ದುಪಡಿಯಲ್ಲಿಯೇ.

ಕಣ್ಣಿನಲ್ಲೋ, ಅಳತೆಯಲ್ಲೋ?

ಚಿತ್ರ ಬರೆಯಲು ಹೊಸದಾಗಿ ಕೂತವರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಮೊದಲು ಒಂದು ಕಣ್ಣನ್ನು ರೆಪ್ಪೆಸಹಿತ ಚೆಂದಾಗಿ ಬರೆಯುತ್ತಾರೆ. ನಂತರ ಇನ್ನೊಂದು ಕಣ್ಣು, ಮೂಗು, ತುಟಿ. ಬಿಡಿಬಿಡಿಯಾಗಿ ಎಲ್ಲವೂ ಸುಂದರ, ಕೂಡಿಸಿ ನೋಡಿದರೆ ಮುಖ ಬೇರೆಯವರದು. ನುರಿತವರು ಕಣ್ಣನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅವರು ಮೊದಲು ಹಿಡಿಯುವುದು ತಲೆಯ ಒಟ್ಟು ಆಕಾರ, ಅದರ ವಾಲು ಮತ್ತು ನಡುಗೆರೆ.

ಅಳತೆಯ ಕೆಲವು ಸಾಮಾನ್ಯ ಸೂತ್ರಗಳಿವೆ. ಕಣ್ಣುಗಳು ತಲೆಯ ಮೇಲ್ಭಾಗದಲ್ಲಿವೆ ಎಂದು ಅನಿಸುತ್ತದೆ. ನಿಜವಾಗಿ ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸುಮಾರು ನಟ್ಟನಡುವೆ ಅವು ಇರುತ್ತವೆ. ಎರಡು ಕಣ್ಣುಗಳ ನಡುವೆ ಸುಮಾರು ಒಂದು ಕಣ್ಣಿನಷ್ಟು ಜಾಗ. ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದ, ಈ ಮೂರೂ ಹೆಚ್ಚುಕಡಿಮೆ ಸಮ. ನಮ್ಮ ಶಿಲ್ಪಿಗಳು ಮುಖವನ್ನು ಹನ್ನೆರಡು ಅಂಗುಲವೆಂದು ಎಣಿಸಿ ನಾಲ್ಕು ನಾಲ್ಕು ಅಂಗುಲದ ಮೂರು ಪಾಲು ಮಾಡಿದ್ದೂ ಇದನ್ನೇ.

ಆದರೆ ಈ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದರೆ ಮೂಡುವುದು ಯಾರದೂ ಅಲ್ಲದ ಮುಖ. ದೇವರ ವಿಗ್ರಹಕ್ಕೆ ಅದು ಸರಿ. ಮನುಷ್ಯನಿಗೆ ಅವನ ಗುರುತು ಬರುವುದು ಸೂತ್ರದಿಂದ ಅವನು ಎಷ್ಟು ದೂರ ಸರಿದಿದ್ದಾನೆ ಎಂಬುದರಿಂದ. ಒಬ್ಬರ ಮೂಗಿಗೂ ಮೇಲ್ತುಟಿಗೂ ನಡುವಿನ ಅಂತರ ತುಸು ಹೆಚ್ಚು. ಇನ್ನೊಬ್ಬರ ಒಂದು ಹುಬ್ಬು ಮತ್ತೊಂದಕ್ಕಿಂತ ಎಳ್ಳಷ್ಟು ಮೇಲೆ. ಮತ್ತೊಬ್ಬರ ಗದ್ದ ಒಂದು ಬದಿಗೆ ಸರಿದಿದೆ. ಸೂತ್ರ ಗೊತ್ತಿದ್ದವನಿಗೆ ಮಾತ್ರ ಈ ಸರಿತ ಕಾಣುತ್ತದೆ. ಅಳತೆ ಕಲಿಯುವುದು ಅಳತೆ ಮೀರಿದ್ದನ್ನು ಗುರುತಿಸುವುದಕ್ಕೆ.

ಇದು ಬರೀ ಕಲಾವಿದರ ನಂಬಿಕೆಯಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ 1980ರಲ್ಲಿ ಒಂದು ಮೋಜಿನ ಪ್ರಯೋಗ ಪ್ರಕಟಿಸಿದರು. ಮಾರ್ಗರೆಟ್ ಥ್ಯಾಚರ್ ಅವರ ಫೋಟೊದಲ್ಲಿ ಕಣ್ಣು ಮತ್ತು ಬಾಯಿಗಳನ್ನಷ್ಟೇ ಕತ್ತರಿಸಿ ತಲೆಕೆಳಗಾಗಿ ಅಂಟಿಸಿದರು. ಇಡೀ ಫೋಟೊವನ್ನು ತಲೆಕೆಳಗಾಗಿ ಹಿಡಿದಾಗ ನೋಡಿದವರಿಗೆ ದೊಡ್ಡ ದೋಷವೇನೂ ಕಾಣಲಿಲ್ಲ. ನೇರ ಮಾಡಿದ ಕೂಡಲೇ ಮುಖ ವಿಕಾರವಾಗಿ ಕಂಡು ಬೆಚ್ಚಿದರು. ನೇರವಾದ ಮುಖವನ್ನು ನೋಡುವಾಗ ಮಿದುಳು ಕಣ್ಣು ಬಾಯಿಗಳನ್ನು ಬೇರೆ ಬೇರೆಯಾಗಿ ಎಣಿಸುವುದಿಲ್ಲ, ಅವುಗಳ ನಡುವಿನ ಸಂಬಂಧವನ್ನು ಒಟ್ಟಾಗಿ ಓದುತ್ತದೆ ಎಂಬುದಕ್ಕೆ ಈ ಪ್ರಯೋಗ ಹೆಸರುವಾಸಿಯಾಯಿತು. ಚಿತ್ರಕಾರರು ಆಗಾಗ ತಮ್ಮ ಚಿತ್ರವನ್ನೂ ಮಾದರಿ ಫೋಟೊವನ್ನೂ ತಿರುವು ಹಾಕಿ ನೋಡುವುದರ ಗುಟ್ಟು ಇದೇ. ಮುಖ ಎಂಬ ಭಾವನೆ ಮರೆಯಾಗಿ, ಗೆರೆ ಗೆರೆಗಳ ಅಂತರ ಕಣ್ಣಿಗೆ ಬೀಳುತ್ತದೆ. ಕಣ್ಣು ಅರೆಮುಚ್ಚಿ ನೋಡುವುದೂ ಇಂಥದೇ ಉಪಾಯ. ಸಣ್ಣಪುಟ್ಟ ವಿವರಗಳು ಮಸುಕಾಗಿ ದೊಡ್ಡ ನೆರಳುಗಳು ಮಾತ್ರ ಉಳಿಯುತ್ತವೆ. ಕಣ್ಣಿನ ಗುಳಿ, ಮೂಗಿನ ಕೆಳಗು, ತುಟಿಯ ಅಡಿ, ಇಲ್ಲಿನ ನೆರಳುಗಳ ಆಕಾರ ಸರಿಬಂದರೆ ರೆಪ್ಪೆ ಬರೆಯುವ ಮೊದಲೇ ಮನುಷ್ಯ ಯಾರೆಂದು ತಿಳಿಯುತ್ತದೆ.

ಕಲಬುರಗಿಯ ಪಂಡಿತರು

ಹೋಲಿಕೆಯ ಈ ವಿದ್ಯೆಯಲ್ಲಿ ದೇಶಕ್ಕೇ ಹೆಸರಾದವರು ಕಲಬುರಗಿಯ ಎಸ್.ಎಂ. ಪಂಡಿತ್. 1916ರಲ್ಲಿ ಹುಟ್ಟಿದ ಸಾಂಬಾನಂದ ಮೋನಪ್ಪ ಪಂಡಿತರಿಗೆ ಮೊದಲ ಪಾಠ ಹೇಳಿದವರು ಹೆಸರಿನಲ್ಲೇ ಆಳಂದವನ್ನು ಹೊತ್ತ ಶಂಕರರಾವ್ ಆಳಂದಕರ್. ಆಗ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಚಿತ್ರಕಲೆ ಕಲಿಯುವ ಹುಚ್ಚು ಹಿಡಿದ ಹುಡುಗರು ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿತ್ತು. ಪಂಡಿತರೂ ಮುಂಬಯಿ ಸೇರಿದರು, 1857ರಲ್ಲಿ ಆರಂಭವಾಗಿದ್ದ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಅಂಥ ಶಾಲೆಗಳಲ್ಲಿ ಬಣ್ಣದ ಮಾತು ನಂತರದ್ದು. ಮೊದಲು ಪ್ಲಾಸ್ಟರಿನ ಪ್ರತಿಮೆಗಳನ್ನು ಎದುರಿಗಿಟ್ಟು ಪೆನ್ಸಿಲ್ಲು, ಇದ್ದಿಲಿನಲ್ಲಿ ನೆರಳು ಬೆಳಕು ತುಂಬುವ ಅಭ್ಯಾಸ. ಅದು ಪಕ್ವವಾದ ಮೇಲೆ ಜೀವಂತ ಮನುಷ್ಯನನ್ನು ಕೂರಿಸಿ ಬರೆಯುವುದು.

ಈ ಬುನಾದಿಯ ಮೇಲೆ ಪಂಡಿತರು ಮುಂಬಯಿಯಲ್ಲಿ ಸಿನಿಮಾ ಜಾಹೀರಾತಿನ ಲೋಕಕ್ಕೆ ಕಾಲಿಟ್ಟರು. ಬಾಬೂರಾವ್ ಪಟೇಲರ 'ಫಿಲ್ಮ್ ಇಂಡಿಯಾ' ಪತ್ರಿಕೆಗೆ ಅವರು ಬರೆದ ಮುಖಪುಟಗಳು ಮನೆಮಾತಾದವು. ಸಿನಿಮಾ ಪೋಸ್ಟರಿನ ಕೆಲಸ ಸುಲಭದ್ದಲ್ಲ. ಬೀದಿಯಲ್ಲಿ ಹೋಗುವವನು ಒಂದು ಕ್ಷಣ ನೋಡುತ್ತಾನೆ, ಅಷ್ಟರಲ್ಲಿ ನಟಿ ಯಾರೆಂದು ತಿಳಿಯಬೇಕು. ಇದ್ದುದಕ್ಕಿಂತ ಹೆಚ್ಚು ಸುಂದರಿಯಾಗಿ ಕಾಣಬೇಕು, ಆದರೂ ಅವಳೇ ಆಗಿರಬೇಕು. ಮುಂದೆ ಪಂಡಿತರು ರಾಮಾಯಣ, ಮಹಾಭಾರತಗಳ ದೃಶ್ಯಗಳನ್ನು ಬರೆದಾಗ ಅವು ಕ್ಯಾಲೆಂಡರುಗಳಾಗಿ ದೇಶದ ಮನೆಮನೆಗೆ ಹೋದವು. ಆ ದೇವತೆಗಳಿಗೂ ನೆರಳು ಬೆಳಕಿನ ಮೈ, ಎಲ್ಲೋ ಕಂಡ ಮನುಷ್ಯರ ಮುಖ ಬಂದಿತ್ತು. 1993ರಲ್ಲಿ ಅವರು ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಅವರ ನಂತರ ಜೆ.ಎಸ್. ಖಂಡೇರಾವ್ ಮೊದಲಾದವರು ಭಾವಚಿತ್ರದ ಪರಂಪರೆಯನ್ನು ಮುಂದುವರಿಸಿದರು. ಮದರಾಸು, ಮುಂಬಯಿಗೆ ಹೋಗಬೇಕಾಗಿದ್ದ ಊರಿನಲ್ಲಿಯೇ ಚಿತ್ರಕಲಾ ಶಾಲೆಗಳು ತಲೆಯೆತ್ತಿದವು.

ಗೋಡೆಯ ಮೇಲೆ ಬಂದ ಅಜ್ಜ

ಕಲಾಶಾಲೆಗಳಿಂದ ಬಂದವರೆಲ್ಲ ಪಂಡಿತರಾಗಲಿಲ್ಲ. ಬಹಳ ಮಂದಿ ಡ್ರಾಯಿಂಗ್ ಮಾಸ್ತರರಾದರು, ಬೋರ್ಡು ಬರೆಯುವವರಾದರು. ಆದರೆ ಸಾಮಾನ್ಯರ ಮುಖಗಳನ್ನು ಉಳಿಸಿದವರು ಇವರೇ.

ಫೋಟೊ ಬಂದ ಮೇಲೆ ಕೈಚಿತ್ರ ಸಾಯಬೇಕಾಗಿತ್ತು. ಹಾಗಾಗಲಿಲ್ಲ. ನಿಜಾಮರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನದಯಾಳರಿಗೆ 'ಮುಸವ್ವಿರ್ ಜಂಗ್' ಎಂಬ ಬಿರುದು ಸಿಕ್ಕಿತ್ತು. ಮುಸವ್ವಿರ್ ಎಂದರೆ ಚಿತ್ರಕಾರ. ಕ್ಯಾಮೆರಾ ಕೂಡ ಮೊದಲು ಅರಮನೆಯ ಆಸ್ತಿಯೇ ಆಗಿತ್ತು. ಹಳ್ಳಿಯ ರೈತನಿಗೆ ಬದುಕಿನಲ್ಲಿ ಒಮ್ಮೆ, ಮದುವೆಯಲ್ಲೋ ಜಾತ್ರೆಯಲ್ಲೋ, ಗುಂಪಿನಲ್ಲಿ ನಿಂತು ಫೋಟೊ ತೆಗೆಸಿದರೆ ದೊಡ್ಡದು. ಹೆಂಗಸರಿಗೆ ಅದೂ ಇಲ್ಲ. ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿಯ ಆದೇಶ ಬಂದದ್ದೇ 1993ರಲ್ಲಿ. ಅದಕ್ಕಿಂತ ಮೊದಲು ಕಣ್ಣುಮುಚ್ಚಿದ ಎಷ್ಟೋ ಹಿರಿಯರ ಒಂದೂ ಫೋಟೊ ಇಲ್ಲ.

ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಮಾಸಿದ ಗುಂಪು ಫೋಟೊ ಹಿಡಿದು ಚಿತ್ರಕಾರನ ಬಳಿಗೆ ಬರುತ್ತಿದ್ದರು. ಅದರಲ್ಲಿ ತಂದೆಯ ಮುಖ ಹೆಸರುಕಾಳಿನಷ್ಟು. ಚಿತ್ರಕಾರ ಅದರ ಮೇಲೆ ಸಣ್ಣ ಚೌಕಗಳನ್ನು ಗೀಚಿ, ಡ್ರಾಯಿಂಗ್ ಹಾಳೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕಿ, ಒಂದೊಂದೇ ಮನೆಯನ್ನು ತುಂಬುತ್ತ ಹೋಗುತ್ತಿದ್ದ. ಫೋಟೊದಲ್ಲಿ ಕಾಣದ್ದನ್ನು ಕೇಳಿ ತಿಳಿಯುತ್ತಿದ್ದ. ಮೀಸೆ ಹೇಗಿತ್ತು? ನಗುವಾಗ ಕೆನ್ನೆ ಎಲ್ಲಿ ಗುಳಿ ಬೀಳುತ್ತಿತ್ತು? ಮಕ್ಕಳಲ್ಲಿ ಯಾರಿಗೆ ತಂದೆಯ ಮೂಗು ಬಂದಿದೆ? ಫೋಟೊವೇ ಇಲ್ಲದಿದ್ದರೆ ತಮ್ಮನನ್ನೋ ಹಿರಿಯ ಮಗನನ್ನೋ ಎದುರು ಕೂರಿಸಿ, ಮನೆಯವರ ಮಾತಿನ ಮೇಲೆ ತಿದ್ದುತ್ತ ಬರೆಯುವುದೂ ಉಂಟು. ಗದ್ದ ಇನ್ನೂ ಸಣ್ಣದಿತ್ತು ಎಂದು ಒಬ್ಬರು, ಇಲ್ಲ ಹೀಗೇ ಇತ್ತು ಎಂದು ಇನ್ನೊಬ್ಬರು. ಕೊನೆಗೆ ವಿಧವೆ ತಾಯಿ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರೆ ಚಿತ್ರ ಮುಗಿದಂತೆ.

ಹಾಗೆ ನೋಡಿದರೆ ಕನಗನಹಳ್ಳಿಯ ಶಿಲ್ಪಿಯೂ ಊರಿನ ಈ ಚಿತ್ರಕಾರನೂ ಕಾಣದವರನ್ನೇ ರೂಪಿಸಿದರು. ವ್ಯತ್ಯಾಸ ಒಂದೇ. ಅಶೋಕನ ಮೂಗು ತಪ್ಪಿದರೆ ಹೇಳುವವರು ಯಾರೂ ಇರಲಿಲ್ಲ. ಇಲ್ಲಿ ತಪ್ಪು ಹಿಡಿಯಲು ಇಡೀ ಮನೆಯೇ ಎದುರು ಕೂತಿರುತ್ತಿತ್ತು. ಅರಸನಿಗೆ ಹೆಸರು ಸಾಕಾಗಿತ್ತು, ರೈತನಿಗೆ ಮುಖವೇ ಬೇಕಾಗಿತ್ತು.

ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ಒಬ್ಬೊಬ್ಬರ ಮುಖವೂ ಸಾವಿರ ಸಲ ಸೆರೆಯಾಗುತ್ತದೆ. ಆದರೂ ಜಾತ್ರೆ, ಉತ್ಸವಗಳಲ್ಲಿ ಹತ್ತು ನಿಮಿಷದಲ್ಲಿ ಮುಖ ಬರೆದುಕೊಡುವವರ ಸುತ್ತ ಜನ ಸೇರುತ್ತಾರೆ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ನೋಡುವ ಸಂದರ್ಭ ಬೇರೆ ಎಲ್ಲಿದೆ?

ಈ ನಡುವೆ ಹಳೆಯ ಮನೆಗಳು ಬಿದ್ದು ಹೊಸವು ಏಳುತ್ತಿವೆ. ಗೆದ್ದಲು ಹಿಡಿದ ಚೌಕಟ್ಟುಗಳು ಅಟ್ಟ ಸೇರಿವೆ. ಅಟ್ಟದಿಂದ ಇಳಿಸಿದ ಚಿತ್ರ ಕಂಡು ಮೊಮ್ಮಗ ಇದು ಯಾರು ಎಂದು ಕೇಳಿದರೆ ಹೇಳಬಲ್ಲವರು ಮನೆಯಲ್ಲಿ ಉಳಿದಿರುವುದಿ‌ಲ್ಲ. ಹೋಲಿಕೆ ಹುಬೇಹೂಬು ಇದೆ, ಯಾರ ಹೋಲಿಕೆ ಎಂಬುದು ಹೋಗಿದೆ. ಎರಡು ಸಾವಿರ ವರ್ಷಗಳ ಹಿಂದೆ ಭೀಮಾ ತೀರದ ಶಿಲ್ಪಿ ಬರೆದ ಎರಡು ಶಬ್ದ ಇಲ್ಲದಿದ್ದರೆ ಅಶೋಕನೂ ಇಂದು ಯಾರೋ ಒಬ್ಬ ಅರಸನಾಗಿರುತ್ತಿದ್ದ.

ಮನೆಯಲ್ಲಿ ಅಂಥ ಚಿತ್ರವಿದ್ದವರು ಒಂದು ಕೆಲಸ ಮಾಡಬಹುದು. ಹಿರಿಯರು ಇರುವಾಗಲೇ ಕೇಳಿಕೊಂಡು ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ಗೊತ್ತಿದ್ದರೆ ಇಸವಿ ಬರೆದಿಡಬಹುದು. ಪೆನ್ನಿನಲ್ಲಿ ಬೇಡ, ಮಸಿ ಕಾಗದದೊಳಗೆ ಇಳಿದು ಮುಂಬದಿಗೆ ಹಾಯುತ್ತದೆ. ಅದಕ್ಕೂ ಮೆದುವಾದ ಪೆನ್ಸಿಲ್ಲೇ ಒಳ್ಳೆಯದು.